ಗುರುತಿಲ್ಲದ ಕಣ್ಣು

“ಬಿಳಿ ಚುಕ್ಕಿ ಇಡದೆ ಯಾವ ಕಣ್ಣನ್ನೂ ಹೊರಗೆ ಕಳಿಸ್ಬೇಡ,” ಎಂದಳು ಗಾಜಕ್ಕ.

ಹೊಸಬ ನಕ್ಕ. ಕೃತಕ ಕಣ್ಣು ಮಾಡುವ ಆ ಕಾರ್ಖಾನೆಗೆ ಸೇರಿ ಅವನಿಗೆ ಮೂರೇ ವಾರ. ಅದಕ್ಕೂ ಮೊದಲು ಹನ್ನೆರಡು ವರ್ಷ ಗೊಂಬೆಗಳಿಗೆ ಕಣ್ಣು ಬರೆದಿದ್ದ. ಕೈ ಪಳಗಿದೆ ಎಂಬ ಜಂಭ ಇದ್ದೇ ಇತ್ತು. ಬಿಸಿ ಮೇಣ ಮತ್ತು ಸ್ಪಿರಿಟ್ಟಿನ ವಾಸನೆ ಗೋಡೆಗಳಿಗೂ ಹತ್ತಿದ್ದ ಆ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯಳು ಗಾಜಕ್ಕ. ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಒಂದೊಂದು ಕಣ್ಣು ಮುಗಿದಾಗಲೂ ಅವಳು ಬಾಯೊಳಗೇ ಏನೋ ಗೊಣಗಿ, ಸೂಜಿಯ ಮೊನೆಯಿಂದ ಪಾಪೆಯ ಅಂಚಿಗೆ ಸಾಸಿವೆಗಿಂತ ಚಿಕ್ಕದೊಂದು ಬಿಳಿ ಚುಕ್ಕಿ ಇಡುತ್ತಿದ್ದಳು.

ಯಾಕೆ ಎಂದು ಕೇಳಿದರೆ ಅವಳ ಉತ್ತರ ಒಂದೇ. ಈ ಲೋಕ ನಿಜವಲ್ಲ, ಯಾರೋ ಹೂಡಿ ನಡೆಸುತ್ತಿರುವ ಆಟ. ನಡೆಸುವವರು ತಮ್ಮ ಜನರನ್ನು ನಮ್ಮ ನಡುವೆ ಬಿಟ್ಟಿದ್ದಾರೆ. ನಮ್ಮಂತೆಯೇ ಉಂಡು ಉಟ್ಟು ಓಡಾಡುವ ಗುಟ್ಟಿನ ಕಾವಲಿನವರು ಅವರು. ಹುಟ್ಟಿದ ಕಣ್ಣಿನ ತಂಟೆಗೆ ಅವರು ಬರುವುದಿಲ್ಲ. ಮಾಡಿದ ಕಣ್ಣು ಕಂಡರೆ ಮಾತ್ರ ಬಂದು ಕೂತು, ಅದರೊಳಗಿಂದ ನಮ್ಮನ್ನು ನೋಡುತ್ತಾರೆ.

“ಹಾಗಾದ್ರೆ ನನ್ನ ಗೊಂಬೆಗಳೆಲ್ಲ ಅವರ ಕಚೇರಿಗಳೇ ಇರ್ಬೇಕು ಅಕ್ಕ,” ಎಂದ ಹೊಸಬ. ಪಾಲಿಶ್ ಮಾಡುತ್ತಿದ್ದವರು ಬಿದ್ದು ಬಿದ್ದು ನಕ್ಕರು. ಗಾಜಕ್ಕ ನಗಲಿಲ್ಲ. “ಗೊಂಬೆಗೆ ಪಕ್ಕದಲ್ಲಿ ಜೀವದ ಕಣ್ಣು ಇರಲ್ವಲ್ಲಪ್ಪ,” ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು.

ಅವನು ಈ ಕೆಲಸಕ್ಕೆ ಸೇರಿದ್ದೇ ಮಗಳಿಗಾಗಿ. ತಾಯಿಯಿಲ್ಲದ ಒಂಬತ್ತರ ಹುಡುಗಿ. ಆಟದಲ್ಲಿ ಕಡ್ಡಿ ತಾಗಿ ಎಡಗಣ್ಣು ಹೋಗಿತ್ತು. ಶಾಲೆಗೆ ಹೊರಡುವಾಗ ಅವಳು ಕೂದಲನ್ನು ಆ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಯಾವುದು ಮಾಡಿದ್ದು, ಯಾವುದು ಹುಟ್ಟಿದ್ದು ಎಂದು ದೇವರಿಗೂ ಗೊತ್ತಾಗದಂಥ ಕಣ್ಣು ಮಾಡಿಕೊಡಬೇಕು ಎಂಬುದೊಂದೇ ಅವನ ಹಟ.

ಮಗಳನ್ನು ಎದುರಿಗೆ ಕೂರಿಸಿಕೊಂಡು, ಅವಳ ಬಲಗಣ್ಣನ್ನು ನೋಡಿ ನೋಡಿ ಹತ್ತು ದಿನ ಬರೆದ. ಕೆಂಪು ರೇಷ್ಮೆಯ ಎಳೆ ಬಿಡಿಸಿ ನರಗಳನ್ನು ಕೂರಿಸಿದ. ಚುಕ್ಕಿ ಮಾತ್ರ ಇಡಲಿಲ್ಲ. ಮುದುಕಿಯ ಹುಚ್ಚಿಗೆ ಮಗುವಿನ ಮುಖದಲ್ಲೇಕೆ ಕಲೆ?

ಕಣ್ಣು ಕೂರಿಸಿದ ಮೇಲೆ ಮೂರು ದಿನ ಮಗಳು ಕೂದಲನ್ನು ಹಿಂದಕ್ಕೆ ಕಟ್ಟಿ ಕುಣಿದಾಡಿದಳು. ನಾಲ್ಕನೆಯ ದಿನ ಮಧ್ಯಾಹ್ನ ಕಿಟಕಿಯ ಬಳಿ ನಿಂತವಳು ಮೆಲ್ಲಗೆ ಹೇಳಿದಳು: “ಅಪ್ಪ, ಎದುರು ಮನೆಗೆ ಹಿಂದುಗಡೆ ಏನೂ ಇಲ್ಲ. ಮುಂದಿನ ಗೋಡೆ ಮಾತ್ರ ನಿಲ್ಸಿದ್ದಾರೆ.”

ಮಕ್ಕಳ ಮಾತು ಎಂದುಕೊಂಡು ಅವನೂ ಬಗ್ಗಿ ನೋಡಿದ. ಅವನಿಗೆ ಮನೆ ಎಂದಿನಂತೆಯೇ ಕಂಡಿತು. ಬೀದಿಯಲ್ಲಿ ಅಂಚೆಯವನು ಸೈಕಲ್ ನಿಲ್ಲಿಸಿದ. ಕೂಗುತ್ತಿದ್ದ ತರಕಾರಿ ಗಾಡಿಯವಳು ಅರ್ಧಕ್ಕೇ ಬಾಯಿ ಮುಚ್ಚಿದಳು. ಇಬ್ಬರೂ ಕಿಟಕಿಯತ್ತ ತಿರುಗಿ, ಮೇಲಧಿಕಾರಿಗೆ ಬಾಗುವಂತೆ ತಲೆ ಬಾಗಿಸಿದರು. ಮಗಳೂ ತಲೆಯಾಡಿಸಿದಳು. ಬೀದಿಯ ಸದ್ದೆಲ್ಲ ಒಮ್ಮೆಲೇ ನಿಂತಿತು. ಕಾದ ತಗಡಿನ ವಾಸನೆ ಮನೆಯೊಳಗೆ ನುಗ್ಗಿತು.

ಅವನು ಕಿಟಕಿ ಮುಚ್ಚಿದ. ಮಗಳನ್ನು ಎಳೆದು ಕೂರಿಸಿದ. ಎಡಗಡೆಯ ರೆಪ್ಪೆ ಎತ್ತಿದ. ಕಣ್ಣು ತೆಗೆದ. ನೆಲಕ್ಕಿಟ್ಟು ಸುತ್ತಿಗೆಯಿಂದ ಬಡಿದ. ಮತ್ತೆ ಬಡಿದ. ಪುಡಿಯಾಯಿತು. ಉಸಿರು ಬಿಟ್ಟ. ತಿರುಗಿದ.

ಬಲಗಣ್ಣು ಅವನನ್ನೇ ನೋಡುತ್ತಿತ್ತು. ಮಿಟುಕಲಿಲ್ಲ.

“ನೀನು ಒಡೆದದ್ದು ಖಾಲಿ ಇತ್ತು,” ಎಂದಿತು ಮಗಳ ಬಾಯಿ.

ಅವಳನ್ನು ಎತ್ತಿಕೊಂಡು ಕಾರ್ಖಾನೆಗೆ ಓಡಿದ. ಗಾಜಕ್ಕ ಮಗುವಿನ ಗಲ್ಲ ಹಿಡಿದು ನೋಡಿದಳು, ಕೈ ಸುಟ್ಟಂತೆ ಬಿಟ್ಟಳು.

“ಚುಕ್ಕಿ ಅವರನ್ನ ತಡೆಯೋಕಲ್ಲಪ್ಪ. ಯಾವ್ದು ಮಾಡಿದ್ದು ಅಂತ ಅವರಿಗೆ ತೋರ್ಸೋಕೆ. ಅಲ್ಲಿ ಕೂತ್ರೆ ಕಿತ್ತು ಎಸೀಬಹುದು. ನೀನು ಎರಡನ್ನೂ ಒಂದೇ ಥರ ಮಾಡ್ದೆ. ಅವರು ತಪ್ಪಿ ಈ ಕಡೆ ಕೂತ್ಬಿಟ್ರು.”

“ಈಗ ಅವರನ್ನ ಹೇಗೆ ಕಳಿಸೋದು?”

ಅವಳು ಸೂಜಿಯನ್ನು ಅವನ ಮುಂದಿಟ್ಟು ಮುಖ ತಿರುಗಿಸಿದಳು. ಅವನು ಸೂಜಿ ಎತ್ತಿಕೊಂಡ. ಚುಚ್ಚಿದರೆ ಮಗುವಿಗೆ ಪೂರ್ತಿ ಕತ್ತಲೆ. ಬಲಗಣ್ಣು ಅಲುಗದೆ ಕಾಯುತ್ತಿತ್ತು. ಅವನ ಕೈಲಾಗಲಿಲ್ಲ. ಸೂಜಿ ಜಾರಿ ನೆಲಕ್ಕೆ ಬಿತ್ತು.

ಈಗ ಅವಳು ದಿನವೂ ಶಾಲೆಗೆ ಹೋಗುತ್ತಾಳೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ. ಬಲಗಣ್ಣಿನಲ್ಲಿ ಒಂದು ಹನಿ ನೀರಿಲ್ಲ. ಆದರೆ ಸಂಜೆಯಾದರೆ ಎಡಗಡೆಯ ಖಾಲಿ ಗುಳಿಯಿಂದ ತಾನಾಗಿ ನೀರು ಹರಿಯುತ್ತದೆ. ತನ್ನ ಮಗಳು ಆ ಕತ್ತಲೆಯೊಳಗೆಲ್ಲೋ ಮುದುಡಿ ಕೂತಿದ್ದಾಳೆ ಎಂದು ಅವನಿಗೆ ಗೊತ್ತು. ಅದಕ್ಕೇ ಅವನು ಯಾವಾಗಲೂ ಅವಳ ಎಡಕ್ಕೆ ಕೂರುತ್ತಾನೆ. ನೀರು ಒರೆಸುತ್ತಾನೆ. ಹೆದರಬೇಡ ಪುಟ್ಟಿ, ಅಪ್ಪ ಇಲ್ಲೇ ಇದ್ದೀನಿ ಎಂದು ಕಿವಿಯಲ್ಲಿ ಪಿಸುಗುಡುತ್ತಾನೆ.

ನಿನ್ನೆ ಹಾಗೆ ಹೇಳುತ್ತಿದ್ದಾಗ ಒದ್ದೆಯಾದ ಕೆನ್ನೆ ಮೊದಲ ಬಾರಿಗೆ ಅವನ ಅಂಗೈಗೆ ಒರಗಿತು. ಮರುಕ್ಷಣವೇ ಆ ತಲೆ ಮೆಲ್ಲಗೆ ತಿರುಗಿತು. ಬಲಗಣ್ಣು ಅವನನ್ನೇ ನೋಡಿತು.

“ಯಾರ ಹತ್ರ ಮಾತಾಡ್ತಿದ್ದೀಯ?”