ಹದಿನೇಳನೇ ಕ್ಯಾಸೆಟ್ಟಿನ ಬಿ ಬದಿ

2024ರ ನವೆಂಬರ್ 18, ಸೋಮವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಬೀದರಿನ ಠಾಣೆಗೆ ಬಂದ ಫಿರ್ಯಾದಿ ಎರಡು ಹಾಳೆ ತುಂಬ ಬರೆದುಕೊಂಡು ಬಂದಿದ್ದ. ಸಬ್ ಇನ್ಸ್‌ಪೆಕ್ಟರ್ ಶೀತಲ ಅದನ್ನು ಎರಡು ಸಲ ಓದಿದಳು. ಮೊದಲ ಸಲಕ್ಕೆ ಅದು ದೂರೋ ಯಾರದೋ ಜೀವನಚರಿತ್ರೆಯೋ ತಿಳಿಯಲಿಲ್ಲ.

"ಹೆಸರು?"

"ರವಿಕಿರಣ ರಿ. ಊರು ಭಾಲ್ಕಿ. ಹೈದರಾಬಾದಿನಾಗ ಹನ್ನೆರಡು ವರ್ಷ ಡಬ್ಬಿಂಗ್ ಸ್ಟುಡಿಯೋದಾಗ ಇದ್ದೆ. ಈಗ ಮೂರು ವರ್ಷದಿಂದ ಇಲ್ಲೇ ಬೀದರಿನ ಚಿದ್ರಿಯೊಳಗ ಒಂದು ಖೋಲಿ ಹಿಡದು ಕೆಲಸ ಮಾಡ್ಲಿಕತ್ತೀನಿ."

"ಕಳುವಾದದ್ದೇನು?"

"ಒಂದು ಕ್ಯಾಸೆಟ್ಟು, ಒಂದು ಹಾರ್ಡ್ ಡಿಸ್ಕು."

"ಕಂಪ್ಯೂಟರ್?"

"ಅಲ್ಲೇ ಅದ ರಿ. ಮೈಕು, ಹೆಡ್‌ಫೋನು ಯಾವುದಕ್ಕೂ ಕೈ ಹಚ್ಚಿಲ್ಲ. ನಲವತ್ತೆರಡು ಕ್ಯಾಸೆಟ್ಟಿನಾಗ ಒಂದೇ ಒಂದು ಹೋಗ್ಯದ."

ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಅಬ್ದುಲ ಅಜೀಜ ಹಾಳೆಯ ಮೇಲೆ ಬಾಗಿ ನೋಡಿದ. "ಸಾಜಿದ? ಕಮಾನ ಬ್ಯಾಂಡಿನ ಸಾಜಿದ ಏನ್ರಿ?" ಎಂದ. ರವಿಕಿರಣನ ಮುಖ ಒಮ್ಮೆ ಅರಳಿ ಮತ್ತೆ ಬಾಡಿತು.

ಕಮಾನ ಎಂಬುದು ಬೀದರಿನ ಹುಡುಗರು ಕಟ್ಟಿದ ರಾಕ್ ತಂಡ. ಸಾಜಿದ ಗಿಟಾರು ಬಾರಿಸುತ್ತ ದಖ್ಖನಿ, ಕನ್ನಡ ಎರಡನ್ನೂ ಒಂದೇ ಹಾಡಿನಲ್ಲಿ ಬೆರೆಸಿ ಹಾಡುತ್ತಿದ್ದ. ಬೇಸ್ ಗಿಟಾರು ಭಾಲ್ಕಿಯ ಸುಭಾನನದು. ಡ್ರಮ್ಮಿಗೆ ಔರಾದ ತಾಲೂಕು ಚಿಂತಾಕಿಯ ಜ್ಞಾನೇಶ್ವರ. ಕುರಿ ಕಾಯುವ ಮನೆತನದವನು, ಹಲಗಿ ಬಾರಿಸಿ ಕೈ ಪಳಗಿದವನು. ಒಂಬತ್ತು ಹಾಡುಗಳ ಒಂದು ಆಲ್ಬಮ್ಮು ತಯಾರಾಗುತ್ತಿತ್ತು. 2004ರಲ್ಲಿ ಜಹೀರಾಬಾದಿನ ಹತ್ತಿರ ಲಾರಿ ಬಡಿದು ಸಾಜಿದ ಸತ್ತ. ಇಪ್ಪತ್ತೇಳು ವಯಸ್ಸು. ಹೈದರಾಬಾದಿನಲ್ಲಿ ಧ್ವನಿಮುದ್ರಿಸಿದ ಮೂಲ ಟೇಪುಗಳು ಏನಾದವೋ ಯಾರಿಗೂ ಗೊತ್ತಾಗಲಿಲ್ಲ. ಉಳಿದದ್ದು ತಾಲೀಮಿನಲ್ಲಿ ಹಿಡಿದಿಟ್ಟ ಕ್ಯಾಸೆಟ್ಟುಗಳು ಮಾತ್ರ. ರವಿಕಿರಣ ಅವನ್ನು ಮನೆಮನೆ ತಿರುಗಿ ಕೂಡಿಸಿ, ಒಂದರೊಳಗಿನ ದನಿ, ಇನ್ನೊಂದರೊಳಗಿನ ಗಿಟಾರು ಜೋಡಿಸುತ್ತ ಆಲ್ಬಮ್ಮನ್ನು ಮರಳಿ ಕಟ್ಟುತ್ತಿದ್ದ.

"ಎಂಟು ಹಾಡು ಮುಗದಾವ ರಿ, ಅವುಗಳ ಪ್ರತಿ ಹೈದರಾಬಾದಿನಾಗ ದೋಸ್ತನ ಹಂತ್ಯಾಕ ಅವ. ಒಂಬತ್ತನೇದು ಹದಿನೇಳನೇ ಕ್ಯಾಸೆಟ್ಟಿನಾಗ ಬಿಟ್ರ ಎಲ್ಲೂ ಇಲ್ಲ. ಅದೇ ಹೋಗ್ಯದ. ಡಿಸ್ಕಿನಾಗ ಇದ್ದದ್ದೂ ಅದೇ ಹಾಡು."

ಅವನು ಹೋದ ಮೇಲೆ ಠಾಣೆಯ ಬರಹಗಾರ ನಗುತ್ತ, "ಹಳೇ ಕ್ಯಾಸೆಟ್ಟಿಗೆ ಎಫ್‌ಐಆರ್ ಏನ್ರಿ ಮೇಡಂ?" ಎಂದ. ಶೀತಲ ನಗಲಿಲ್ಲ. ಹನ್ನೊಂದು ಇಪ್ಪತ್ತಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ ಮನೆಗಳ್ಳತನದ ಪ್ರಕರಣ ದಾಖಲಾಯಿತು.

ಹನ್ನೆರಡೂವರೆಗೆ ಚಿದ್ರಿಯಲ್ಲಿ ಸ್ಥಳ ಪಂಚನಾಮೆ. ರವಿಕಿರಣನ ಖೋಲಿ ಇದ್ದದ್ದು ಸಾಜಿದನ ತಾಯಿ ಮುನವ್ವರ ಬೇಗಂಳ ಮನೆಯಲ್ಲೇ, ಬೀದಿಯ ಕಡೆಗೆ. ಮಗ ತಾಲೀಮು ಮಾಡುತ್ತಿದ್ದ ಖೋಲಿ ಅದು. ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ಖೋಲಿಯ ಕೀಲಿ ಪಡಸಾಲೆಯ ಮೊಳೆಗೆ ತೂಗುತ್ತಿತ್ತು. ಭಾನುವಾರ ಮಧ್ಯಾಹ್ನ ಒಂದರಿಂದ ಮೂರರವರೆಗೆ ರವಿಕಿರಣ ಊಟಕ್ಕೆ ಹೋಗಿದ್ದಾಗ ಕಳವು ನಡೆದಿತ್ತು. ಇಬ್ಬರು ಪಂಚರು ಸಹಿ ಹಾಕಿದರು.

ಎಂಬತ್ತೊಂದು ವರ್ಷದ ಮುನವ್ವರ ಬೇಗಂ ಮಂಚದ ಮೇಲೆ ಕುಳಿತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು.

"ಅಮ್ಮಾ, ನಿನ್ನೆ ಯಾರರೆ ಕಳ್ಳರು ಒಳಗ ಬಂದದ್ದು ಗೊತ್ತಾತೇನು?" ಅಜೀಜ ಕೇಳಿದ.

"ಕಳ್ಳರು ಯಾರೂ ಬಂದಿಲ್ಲ ಬೇಟಾ."

ರವಿಕಿರಣ ಒಂದು ರಿಜಿಸ್ಟರ್ ಇಟ್ಟಿದ್ದ. ಪ್ರತಿ ಕ್ಯಾಸೆಟ್ಟಿಗೂ ಒಂದು ಪುಟ. ಶೀತಲ ಹದಿನೇಳನೆಯದನ್ನು ತೆಗೆದಳು. ‘ಎ ಬದಿ ಖಾಲಿ. ಬಿ ಬದಿ: ಒಂಬತ್ತನೇ ಹಾಡು, ಪೂರ್ತಿ. ಮೇಲೆ ಮಗುವಿನ ಗದ್ದಲ, 4 ನಿಮಿಷ 12 ಸೆಕೆಂಡು. ತೆಗೆಯಬೇಕು.’

"ಇದೇನು?"

"ಯಾರೋ ಹಾಡಿನ ಮ್ಯಾಲ ಮತ್ತೊಮ್ಮೆ ರಿಕಾರ್ಡ್ ಮಾಡ್ಯಾರ ರಿ. ಅಗ್ಗದ ಟೇಪ್‌ರಿಕಾರ್ಡರು ಹಳೇದನ್ನ ಪೂರ್ತಿ ಅಳಸಂಗಿಲ್ಲ, ಬುಡಕ್ಕ ಉಳದಿರ್ತದ. ಮ್ಯಾಲಿನ ಗದ್ದಲ ತಗದ್ರ ಹಾಡು ಸಿಗ್ತದ. ಅದಕ್ಕೇ ಎಂಟು ತಿಂಗಳು ಹಿಡೀತು."

ಶಂಕೆ ಮೊದಲು ಹೋದದ್ದು ಸುಭಾನನ ಮೇಲೆ. ಎರಡು ಹಾಡು ತಾನು ಕಟ್ಟಿದ್ದು, ತನ್ನ ಹೆಸರಿಲ್ಲದೆ ಆಲ್ಬಮ್ಮು ಹೊರಗೆ ಬಂದರೆ ನೋಡಿಕೊಳ್ಳುತ್ತೇನೆ ಎಂದು ಅವನು ರವಿಕಿರಣನಿಗೆ ವಾಟ್ಸಾಪಿನಲ್ಲಿ ಬರೆದಿದ್ದ. 19ರಂದು ಶೀತಲ ಮತ್ತು ಅಜೀಜ ಭಾಲ್ಕಿಗೆ ಹೋದರು. ಸುಭಾನ ಈಗ ಮದುವೆ ಮಂಟಪಗಳಿಗೆ ಧ್ವನಿವರ್ಧಕ ಹಚ್ಚುವ ದಂಧೆ ನಡೆಸುತ್ತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು.

"ರವಿವಾರ ಮಧ್ಯಾಹ್ನ ಎಲ್ಲಿದ್ರಿ?"

"ಇಲ್ಲೇ, ಲಗ್ನದಾಗ. ಮುನ್ನೂರು ಮಂದಿ ನೋಡ್ಯಾರ. ಬೇಕಾದ್ರ ವಿಡಿಯೋ ಕೊಡ್ತೇನಿ."

"ಮತ್ತ ಆ ಧಮಕಿ?"

"ಸಿಟ್ಟಿತ್ತು ಮೇಡಂ. ಆದ್ರ ಆ ಹಾಡು ಕದಿಯಾಂವ ನಾ ಅಲ್ಲ. ಇಕಾ, ಕೇಳ್ರಿ." ಅವನು ಫೋನು ಮುಂದೆ ಹಿಡಿದ. ರವಿಕಿರಣ ಕಳಿಸಿದ್ದ ಇಪ್ಪತ್ತು ಸೆಕೆಂಡಿನ ತುಣುಕು. ಒಂದು ದನಿ ಬಾವಿಯ ತಳದಿಂದ ಕೂಗಿದ ಹಾಗೆ ಎದ್ದು ಬಂತು. ಮಧ್ಯೆ ಮಧ್ಯೆ ಮುಳುಗಿತು, ಮತ್ತೆ ಎದ್ದಿತು. ಶೀತಲಳಿಗೆ ಸಂಗೀತದ ಗಂಧವಿಲ್ಲ. ಆದರೂ ದನಿ ಮುಳುಗಿದಲ್ಲೆಲ್ಲ ಅವಳಿಗೆ ಯಾಕೋ ಕಸಿವಿಸಿಯಾಯಿತು. ಸುಭಾನ ಫೋನು ಜೇಬಿಗೆ ಹಾಕಿ ಆ ಕಡೆ ತಿರುಗಿದ. "ಇಪ್ಪತ್ತು ವರ್ಷ ಆದ ಮ್ಯಾಲ ಕೇಳಿದೆ. ಸಾಕಾತು ನನಗ."

ಜೀಪು ಹತ್ತುವಾಗ ಅವನೇ ಕೂಗಿ ಹೇಳಿದ: "ಆ ಕ್ಯಾಸೆಟ್ಟಿದ್ದ ಚೀಲ ಜ್ಞಾನೇಶ್ವರನ ಮನಿಯಿಂದ ಬಂದದ್ದರಿ!"

20ರ ಬೆಳಿಗ್ಗೆ ರವಿಕಿರಣನ ಮರುವಿಚಾರಣೆ.

"ಜ್ಞಾನೇಶ್ವರನ ಮನಿಯಿಂದ ಇತ್ತೀಚಿಗೆ ಯಾರರೆ ಬಂದಿದ್ರೇನು?"

"ಅವರ ಹೆಂಡತಿ ಸಖುಬಾಯಿ ಬಂದಿದ್ರು. ದೀಪಾವಳಿ ಆಗಿ ಒಂದು ವಾರಕ್ಕ. ಕ್ಯಾಸೆಟ್ಟು ಕೇಳಬೇಕು ಅಂದ್ರು. ಹಳೇದ್ಯಾಕ, ಸಾಫ್ ಮಾಡಿದ್ದು ಕೇಳ್ರಿ, ಗದ್ದಲ ಪೂರಾ ತಗದೀನಿ ಅಂತ ಹಾಕಿ ತೋರಿಸಿದೆ. ಸುಮ್ಮ ಕುಂತು ಕೇಳಿದ್ರು."

"ಆಮ್ಯಾಲ?"

"ತಗದದ್ದನ್ನ ಎಲ್ಲಿ ಇಟ್ಟೀರಿ ಅಂದ್ರು. ನನಗ ನಗು ಬಂತು. ಡಿಸ್ಕು ತೋರಿಸಿ, ಎಲ್ಲಾ ಇದರಾಗೇ ಅದ ರಿ ಅಂದೆ. ಚಾ ಕುಡಿಲಾರದ ಎದ್ದು ಹೋದ್ರು."

ಶೀತಲ ಪೆನ್ನು ಕೆಳಗಿಟ್ಟಳು. "ಆ ಮನಿಯೊಳಗ ಮಕ್ಕಳದಾರೇನು?"

"ಈಗ ಯಾರೂ ಇಲ್ಲ ರಿ," ಎಂದವನಿಗೆ ಹೇಳುತ್ತ ಹೇಳುತ್ತಲೇ ಹೊಳೆಯಿತು. "ಒಬ್ಬಾಕಿ ಮಗಳಿದ್ಳು ಅಂತ ಕೇಳೀನಿ."

ಹನ್ನೊಂದು ಗಂಟೆಗೆ ಶೀತಲ ಮತ್ತೆ ಮುನವ್ವರ ಬೇಗಂಳ ಮುಂದೆ ಕುಳಿತಳು. ಈ ಸಲ ಪ್ರಶ್ನೆ ಬದಲಿಸಿದಳು. "ಅಮ್ಮಾ, ರವಿವಾರ ನಿಮ್ಮ ಮನಿಗೆ ಯಾವಾಕಿ ಬಂದಿದ್ಳು?"

"ಚಿಂತಾಕಿ ಕಡಿಯಾಕಿ. ನೀರು ಕೇಳಿದ್ಳು, ಚಾ ಮಾಡಿ ಕೊಟ್ಟೆ. ಭಾಳ ಹೊತ್ತು ಕುಂತ್ಳು. ನಾ ಮಧ್ಯಾಹ್ನದ ಜೋಹರಿನ ನಮಾಜಿಗೆ ಎದ್ದೆ. ಬಂದು ನೋಡಿದ್ರ ಕಪ್ಪು ತೊಳದು ಬೋರಲು ಹಾಕಿ ಹೋಗಿದ್ಳು."

"ಮೊನ್ನೆ ಯಾಕ ಹೇಳಲಿಲ್ಲ?"

"ನೀವು ಕಳ್ಳರು ಬಂದಿದ್ರೇನು ಅಂತ ಕೇಳಿದ್ರಿ ಬೇಟಿ. ಆಕಿ ಕಳ್ಳಿ ಅಲ್ಲ. ನನ್ನ ಹಾಂಗ ಮಗೂನ್ನ ಮಣ್ಣಿಗಿಟ್ಟಾಕಿ."

ಡಿಸ್ಕು ತೆರೆಸಲು ಅವಳು ಯಾವುದಾದರೂ ಅಂಗಡಿಗೆ ಹೋಗಿರಬೇಕೆಂದು ಮಧ್ಯಾಹ್ನದ ತನಕ ಅಜೀಜ ಔರಾದಿನ ಮೊಬೈಲು, ಕಂಪ್ಯೂಟರು ಅಂಗಡಿಗಳಿಗೆಲ್ಲ ಫೋನು ಹಚ್ಚಿದ. ಐದನೆಯದು ಅಖೀಲನ ರಿಪೇರಿ ಅಂಗಡಿ. ಅಲ್ಲಿ ಸುಳಿವು ಸಿಕ್ಕಿತು. 21ರಂದು ಹತ್ತು ಗಂಟೆಗೆ ಔರಾದಿನಲ್ಲಿ ಅವನ ಹೇಳಿಕೆ ಬರೆದುಕೊಂಡರು.

"ಸೋಮವಾರ ಒಬ್ಬ ಹೆಣ್ಣುಮಗಳು ಡಿಸ್ಕು ತಂದಿದ್ಳು ರಿ. ಬಸ್ ಇಳಿಯೂ ಮುಂದ ಚೀಲ ಮೆಟ್ಟಲಿಗೆ ಬಡದದ ಅಂದ್ಳು. ಹಚ್ಚಿ ನೋಡಿದೆ, ಕಟಕಟ ಅಂತದ, ತಿರಗವಲ್ದು. ಸತ್ತದ ಅಂತ ಹೇಳಿದೆ."

"ಆಕಿ ಏನಂದ್ಳು?"

"ಒಳಗ ಇದ್ದವರು ಏನಾಗ್ತಾರ ಅಂತ ಕೇಳಿದ್ಳು ರಿ. ನನಗ ತಿಳೀಲಿಲ್ಲ."

ಹನ್ನೊಂದೂ ನಲವತ್ತಕ್ಕೆ ಜೀಪು ಚಿಂತಾಕಿ ಮುಟ್ಟಿತು. ಕುರಿಗಳು ಮೇಯಲು ಹೋಗಿದ್ದವು, ಹಟ್ಟಿ ಖಾಲಿ ಇತ್ತು. ಪೊಲೀಸರನ್ನು ಕಂಡು ಜ್ಞಾನೇಶ್ವರ ಬಾಗಿಲಿಗೆ ಬಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಅವನ ಬೆನ್ನ ಹಿಂದಿನಿಂದ ಸಖುಬಾಯಿ, "ಅವರನ್ನ ಕೇಳಬ್ಯಾಡ್ರಿ. ನಾ ತಂದೀನಿ," ಎಂದಳು.

ಕಬ್ಬಿಣದ ಸಂದೂಕಿನಿಂದ ಡಿಸ್ಕು, ಕ್ಯಾಸೆಟ್ಟು ಎರಡನ್ನೂ ತಾನೇ ತೆಗೆದು ಕೊಟ್ಟಳು. ಜಪ್ತಿ ಪಂಚನಾಮೆ ಬರೆಯುತ್ತಿದ್ದಂತೆ ಶೀತಲ ಕೇಳಿದಳು. ಸಖುಬಾಯಿ ನೆಲ ನೋಡುತ್ತ ಉತ್ತರ ಕೊಟ್ಟಳು.

"ಹೆಸರು ಮುಕ್ತಾ. ಆರು ವರ್ಷದಾಕಿ. ಆಗಿನ್ನೂ ಒಂದನೇ ಇಯತ್ತೆ. ಮಗ್ಗಿ ಬರ್ತದ ಅಂತ ಕುಣಿತಿದ್ಳು, ಹಿಡದಿಡೋಣ ಅಂತ ಇವರ ಚೀಲದಾಗಿಂದ ಒಂದು ಕ್ಯಾಸೆಟ್ಟು ತಗೊಂಡೆ. ಅದರಾಗ ಹಾಡದ ಅಂತ ನನಗೇನು ಗೊತ್ತು? ಮರುವರ್ಷ ಜ್ವರ ಬಂತು, ಮೂರು ದಿನಕ್ಕ ಹೋದ್ಳು. ಒಂದು ಫೋಟೋ ಸುದ್ದಾ ಇಲ್ಲ."

"ನಾ ಮಾರ್ಚಿನಾಗ ಆ ಚೀಲ ರವಿಕಿರಣಗ ಕೊಟ್ಟೆ," ಎಂದ ಜ್ಞಾನೇಶ್ವರ. "ಈಕಿ ಎಂದೂ ಹೇಳೇ ಇಲ್ಲ ರಿ."

"ಹೇಳೋದೇನಿತ್ತು? ಮನ್ಯಾಗಿನ ಟೇಪ್‌ರಿಕಾರ್ಡರು ಕೆಟ್ಟು ಹದಿನೈದು ವರ್ಷ ಆತು, ಕೇಳ್ಲಿಕ್ಕೂ ಆಗ್ತಿರಲಿಲ್ಲ. ಅದ ಅನ್ನೂದು ಗೊತ್ತಿತ್ತು, ಅಷ್ಟ ಸಾಕಿತ್ತು. ದೀಪಾವಳಿಗೆ ಮನಿ ಸಾರಸೂ ಮುಂದ ನೋಡಿದ್ರ ಚೀಲೇ ಇಲ್ಲ. ಕೇಳಿದ್ರ ರವಿಕಿರಣಗ ಕೊಟ್ಟೀನಿ ಅಂದ್ರು ಇವರು."

"ರವಿಕಿರಣಗ ಮಗಳ ದನಿ ಅಂತ ಹೇಳಿ ಕೇಳಬೇಕಿತ್ತಲ್ಲ?"

"ಗದ್ದಲ ಅಂದ ರಿ ಅಂವ. ಆಮ್ಯಾಲ ನನ್ನ ಬಾಯಿ ಏಳಲಿಲ್ಲ. ಆಕಿನ್ನ ತಗದು ಬ್ಯಾರೆ ಕಡಿ ಇಟ್ಟಾನ ಅಂತ ತಿಳಕೊಂಡೆ. ಅದಕ್ಕ ಎರಡೂ ತಂದೆ."

"ತಂದ ಮ್ಯಾಲ ಕ್ಯಾಸೆಟ್ಟು ಕೇಳಿದ್ರೇನು?"

"ಯಾವುದರಾಗ ಕೇಳ್ಲಿ? ಊರಾಗ ಯಾರ ಮನ್ಯಾಗೂ ಟೇಪಿಲ್ಲ."

ಹನ್ನೆರಡೂ ಐವತ್ತಕ್ಕೆ ಬಂಧನದ ಮೆಮೊಗೆ ಸಖುಬಾಯಿ ಹೆಬ್ಬೆಟ್ಟು ಒತ್ತಿದಳು. ಜೀಪು ಬೀದರಿಗೆ ಹೊರಟಿತು.

ಜಪ್ತಿಯಾದ ಮುದ್ದೆಮಾಲು ಇದೇ ಎಂದು ಫಿರ್ಯಾದಿ ಗುರುತಿಸಬೇಕಿತ್ತು. ಹೊರಗಿನ ಗುರುತು ನೋಡಿ ಬರೆದಿದ್ದರೂ ಕಾಯಿದೆಗೆ ಸಾಕಿತ್ತು. ಶೀತಲ ಮಾತ್ರ, ಒಳಗಿನ ದನಿಯನ್ನೂ ಪಂಚನಾಮೆಯಲ್ಲಿ ನಮೂದಿಸಬೇಕು ಎಂದು ರವಿಕಿರಣನಿಂದ ಟೇಪ್‌ರಿಕಾರ್ಡರು ತರಿಸಿದಳು. ಅವನ ಜೊತೆ ಆಟೋದಲ್ಲಿ ಮುನವ್ವರ ಬೇಗಂ ಕೂಡ ಬಂದಳು. ಮಧ್ಯಾಹ್ನ ಮೂರೂ ಹತ್ತು. ಇಬ್ಬರು ಪಂಚರು, ಅಜೀಜ, ಗೋಡೆಗೆ ಆತು ನಿಂತ ಜ್ಞಾನೇಶ್ವರ. ಬೆಂಚಿನ ಒಂದು ತುದಿಗೆ ಸಖುಬಾಯಿ, ಇನ್ನೊಂದು ತುದಿಗೆ ಮುದುಕಿ.

ಟೇಪು ಕರಕರ ಎಂದಿತು. ಆಮೇಲೆ ಒಂದು ಸಣ್ಣ ದನಿ ಜೋರಾಗಿ, ಉಸಿರು ಬಿಡದೆ: ‘ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು...’ ಏಳಕ್ಕೆ ಬಂದು ತಡವರಿಸಿತು. ಟೇಪಿನೊಳಗಿನಿಂದ ಹರೆಯದ ಸಖುಬಾಯಿ ಪಿಸುಗುಟ್ಟಿ ನೆನಪು ಮಾಡಿದಳು. ಸಣ್ಣ ದನಿ ನಕ್ಕು ಮತ್ತೆ ಮೊದಲಿನಿಂದ ಸುರು ಮಾಡಿತು. ಅದರ ಬುಡದಲ್ಲಿ, ಬಹಳ ದೂರದಲ್ಲಿ, ಗಿಟಾರು. ಅದರ ಹಿಂದೆ ಒಬ್ಬ ತರುಣ ಹಾಡುತ್ತಿದ್ದ.

ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿಗೆ ಮಗು ಮುಗಿಸಿತು. ಹಾಡು ಇನ್ನಷ್ಟು ಹೊತ್ತು ನಡೆದು ನಿಂತಿತು. ರವಿಕಿರಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಸಖುಬಾಯಿ ಅಳಲಿಲ್ಲ, ತುಟಿ ಮಾತ್ರ ಮಗ್ಗಿಯ ಲಯಕ್ಕೆ ಇನ್ನೂ ಅಲುಗುತ್ತಿತ್ತು.

ಮುನವ್ವರ ಬೇಗಂ ಬೆಂಚನ್ನು ತಡವುತ್ತ ಅವಳ ಹತ್ತಿರ ಸರಿದು ಕೈ ಹಿಡಿದಳು. ರವಿಕಿರಣನ ಕಡೆ ಮುಖ ತಿರುಗಿಸಿ, "ಆ ಪೋರಿನ್ನ ತಗೀಬ್ಯಾಡ ಬೇಟಾ. ಇಬ್ಬರೂ ಇರಲಿ," ಎಂದಳು.

"ಫಿರ್ಯಾದು ವಾಪಸ್ ತಗೋತೇನಿ ಮೇಡಂ," ರವಿಕಿರಣ ಅಂಗಲಾಚಿದ.

"ಅದು ನನ್ನ ಕೈಯಾಗಿಲ್ಲ. ಕೋರ್ಟಿನಾಗ ಹೇಳ್ರಿ."

"ಕ್ಯಾಸೆಟ್ಟರೆ ಕೊಡ್ರಿ. ಮೊದಲಿನಿಂದ ಮಾಡ್ತೇನಿ. ಮಗೂನ ದನಿನೂ ಇಡ್ತೇನಿ."

ಶೀತಲ ಕ್ಯಾಸೆಟ್ಟನ್ನು ಅಜೀಜನ ಕಡೆ ಸರಿಸಿದಳು. ಅದನ್ನು ಬಟ್ಟೆಯಲ್ಲಿ ಹೊಲಿದು ಅರಗಿನ ಮೊಹರು ಒತ್ತುವಾಗ ಒಂದು ಹನಿ ಅಜೀಜನ ಬೆರಳ ಮೇಲೆ ಬಿತ್ತು. ಚೀಟಿಯಲ್ಲಿ ಮಾಲೀಕರ ಹೆಸರು ಬರೆಯುವ ಜಾಗಕ್ಕೆ ಬಂದು ಅವನು ತಲೆ ಎತ್ತಿದ. "ನ್ಯಾಯಾಲಯದ ತೀರ್ಮಾನಕ್ಕೆ ಒಳಪಟ್ಟು ಅಂತ ಬರಿ," ಎಂದಳು ಶೀತಲ. ಆ ತೀರ್ಮಾನಕ್ಕೆ ಎಷ್ಟು ವರ್ಷ ಹಿಡಿಯಬಹುದು ಎಂಬುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಮುನವ್ವರ ಬೇಗಂಳ ವಯಸ್ಸೂ ಇಬ್ಬರಿಗೂ ಗೊತ್ತಿತ್ತು.

ಸಂಜೆ ಐದಕ್ಕೆ ಸಖುಬಾಯಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಜಾಮೀನು ಸಿಕ್ಕಿತು. ಜಾಮೀನಿಗೆ ಸಹಿ ಹಾಕಿದವರು ಇಬ್ಬರು: ಭಾಲ್ಕಿಯಿಂದ ಓಡಿ ಬಂದ ಸುಭಾನ, ಮತ್ತು ರವಿಕಿರಣ ಊರಿನಿಂದ ಕರೆಸಿದ ತನ್ನ ತಂದೆ. ಔರಾದಿನ ಕೊನೆಯ ಬಸ್ಸಿಗೆ ಗಂಡ ಹೆಂಡತಿ ಹೋದರು.

ಡಿಸೆಂಬರಿನಲ್ಲಿ ದೋಷಾರೋಪಣ ಪಟ್ಟಿ ಸಿದ್ಧವಾಯಿತು. ಕೃತ್ಯದ ಉದ್ದೇಶದ ಕಡೆ ಬರಹಗಾರ ‘ಸ್ವಂತ ಲಾಭಕ್ಕಾಗಿ’ ಎಂದು ರೂಢಿಯಂತೆ ಟೈಪು ಮಾಡಿದ್ದ. ಶೀತಲ ಅದನ್ನು ಹೊಡೆದು ಹಾಕಿ ತನ್ನ ಕೈಯಿಂದಲೇ ಬರೆದಳು: ‘ಆರೋಪಿತಳು ಮೃತ ಮಗಳ ದನಿಯನ್ನು ಮನೆಗೆ ಕರೆತರುವ ಸಲುವಾಗಿ.’