ಹೂಂಗುಟ್ಟುವ ಬಿಲ್ಲೆ

2062ರ ಒಂದು ಬೆಳಿಗ್ಗೆ ಹುಬ್ಬಳ್ಳಿಯ ನವನಗರದ ಅಡುಗೆಮನೆಯೊಂದರಲ್ಲಿ ದಾನೇಶ್ವರಿ ಕೊಣ್ಣೂರ ಜೋಳದ ರೊಟ್ಟಿ ಬಡಿಯುತ್ತ ಮಾತಾಡುತ್ತಿದ್ದಳು. ಎದುರಿಗೆ ಡಬ್ಬಿಗಳ ನಡುವೆ ಹಪ್ಪಳದಷ್ಟು ಅಗಲದ ಒಂದು ಬಿಲ್ಲೆ ಒರಗಿ ನಿಂತಿತ್ತು.

"ಓಣ್ಯಾಗ ಎಲ್ಲಾರೂ ಮಷಿನ್ ರೊಟ್ಟಿ ತಿಂತಾರ."

"ಹೂಂ," ಎಂದಿತು ಬಿಲ್ಲೆ.

"ತಿನ್ಲಿ, ನಂದೇನು. ಆದ್ರ ನನ್ನ ಮುಂದನ ಬಂದು ಭಾಳ ಚಲೋ ಅದಾವು ಅಂತಾರಲ್ಲ."

"ಹೂಂ…" ಈ ಸಲ ತುಸು ಎಳೆದು.

ದಾನೇಶ್ವರಿಗೆ ಹಾಯೆನಿಸಿತು. ಮುಂದಿನ ಹಿಟ್ಟಿನ ಉಂಡೆ ತೆಗೆದುಕೊಂಡಳು.

ಇಂಥ ಬಿಲ್ಲೆ ಆಗ ರಾಜ್ಯದ ಮೂರು ಲಕ್ಷ ಮನೆಗಳಲ್ಲಿತ್ತು. ಅದಕ್ಕೂ ಮೊದಲು ಸಂಸಾರದ ಕಿರಿಕಿರಿ ಹೇಳಿಕೊಳ್ಳಲು ಆನ್‌ಲೈನ್ ಆಪ್ತಸಮಾಲೋಚನೆ ಇತ್ತು. ಪರದೆಯ ಮೇಲೆ ಸಮಾಲೋಚಕರು ಬರುತ್ತಿದ್ದರು, ನಿಜ, ಆದರೆ ಸರದಿ ಬರಲು ನಾಲ್ಕು ತಿಂಗಳು. ಅಷ್ಟರಲ್ಲಿ ಹಳೆ ಜಗಳ ಮರೆತು ಹೊಸದೊಂದು ಶುರುವಾಗಿರುತ್ತಿತ್ತು. ಸರದಿ ಕರಗಿಸಲೆಂದು ಸಲಹೆ ಕೊಡುವ ಯಂತ್ರ ಮಾಡಿದರು. ಅದು ಬುದ್ಧಿ ಹೇಳಿದ್ದೇ ಹೇಳಿದ್ದು. ಜನ ಎರಡನೇ ದಿನವೇ ಅದರ ಬಾಯಿ ಮುಚ್ಚಿಸಿದರು.

ಧಾರವಾಡದ ಪ್ರಯೋಗಾಲಯವೊಂದರಲ್ಲಿದ್ದ ಡಾ. ಇಂಚರಾ ಹೆಬಸೂರ, ಮಾತಾಡಿದವರ ಒಪ್ಪಿಗೆ ಪಡೆದು, ಆ ಹಳೆಯ ಸಂಭಾಷಣೆಗಳನ್ನೆಲ್ಲ ಕೇಳಿದಳು. ಮನಸ್ಸು ಬಿಗಿದಾಗ ದನಿಯಲ್ಲಿ ಕಿವಿಗೆ ಸಿಗದಷ್ಟು ಸಣ್ಣ ನಡುಕವಿರುತ್ತದೆ. ಅದನ್ನು ಅಳೆಯುವ ಉಪಕರಣ ಅವಳ ಬಳಿ ಇತ್ತು. ಸಲಹೆ ಬಂದ ಕೂಡಲೇ ನಡುಕ ಏರುತ್ತಿತ್ತು. ಸಮಾಲೋಚಕರು ಚಹಾ ಕುಡಿಯುತ್ತ ಬರೀ "ಹೂಂ" ಅಂದ ಕಡೆಯಲ್ಲೆಲ್ಲ ಇಳಿಯುತ್ತಿತ್ತು. ತಾನು ಹೂಂಗುಟ್ಟುವುದನ್ನು ಮರೆತರೆ ಅಜ್ಜಿ ಕತೆಯನ್ನೇ ನಿಲ್ಲಿಸಿಬಿಡುತ್ತಿದ್ದುದು ಇಂಚರಾಗೆ ನೆನಪಾಯಿತು. ಯಂತ್ರದಿಂದ ಸಲಹೆಯನ್ನೆಲ್ಲ ಕಿತ್ತುಹಾಕಿ ಬರೀ ಹೂಂ ಉಳಿಸಿದಳು.

ಆದರೆ ಹೂಂ ಅನ್ನುವುದೇನೂ ಹುಡುಗಾಟವಲ್ಲ. ಮಾತು ನಿಂತ ಅರ್ಧ ಸೆಕೆಂಡಿನೊಳಗೆ ಅದು ಬರಬೇಕು, ಹೇಳಿದ್ದಕ್ಕೆ ಹೊಂದಬೇಕು. ಒಂದೇ ಥರದ್ದು ಮೂರು ಸಲ ಬಂದರೆ ಇದು ಕೇಳುತ್ತಿಲ್ಲ ಎಂದು ಹೇಳುವವರಿಗೆ ಗೊತ್ತಾಗಿಬಿಡುತ್ತದೆ. ಬಿಲ್ಲೆಗೆ ನಲವತ್ತೊಂದು ಬಗೆಯ ಹೂಂ ಕಲಿಸಲು ಆರು ವರ್ಷ ಹಿಡಿಯಿತು. ಜೀವಕ್ಕೆ ಅಪಾಯವಿರುವ ಮಾತು ಬಂದರೆ ಮಾತ್ರ ಅದು ತಕ್ಷಣ ಮನುಷ್ಯ ಸಮಾಲೋಚಕರಿಗೆ ಜೋಡಿಸುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ದಾನೇಶ್ವರಿಯ ಗಂಡ ಸಂಗಮೇಶ ಬಿಲ್ಲೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಪ್ರಯೋಗಾಲಯಕ್ಕೆ ಬಂದ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್.

"ಇದನ್ನ ವಾಪಸ್ ತಗೋರಿ ಮೇಡಮ್ಮಾರ."

"ಕೆಟ್ಟೈತೇನ್ರಿ?"

"ಕೆಟ್ಟಿಲ್ಲ, ಅದ ತ್ರಾಸ. ನನ್ನ ಹೆಂಡ್ತಿ ಎಲ್ಲಾ ಇದರ ಮುಂದ ಹೇಳ್ತಾಳ. ನಾ ಒಳಗ ಹೋದ್ರ ಸುಮ್ಮನಾಗ್ತಾಳ. ಆರು ತಿಂಗಳಾತು, ಊಟಕ್ಕ ಬರ್ರಿ ಅನ್ನೂದು ಬಿಟ್ರ ಬ್ಯಾರೆ ಮಾತಿಲ್ಲ. ನಿನ್ನೆ ದೊಡ್ಡ ಚೀಲ ತಗದು ಬಿಸಲಿಗೆ ಹಾಕ್ಯಾಳ. ಎಲ್ಲಿಗೆ ಅಂದ್ರ ಏನಿಲ್ಲ ಅಂದ್ಲು." ಅವನ ದನಿಯ ನಡುಕ ಅಳೆಯಲು ಉಪಕರಣವೇನೂ ಬೇಕಿರಲಿಲ್ಲ.

"ಮೊದಲ ನಿಮ್ಮ ಮುಂದ ಹೇಳ್ತಿದ್ರೇನು?"

"ಹೇಳ್ತಿದ್ಲು. ನಾನ ಎರಡನೇ ಮಾತಿಗೆ ಪರಿಹಾರ ಹೇಳಿಬಿಡ್ತಿದ್ದೆ. ಹಂಗಾರ ಬಿಡು, ಅದಕ್ಕ ನಾ ಅವತ್ತ ಹೇಳಿದ್ದೆ, ಅಂತ. ಮೆಕ್ಯಾನಿಕ್ ಅಲ್ರಿ, ಕೆಟ್ಟದ್ದು ಕಂಡ್ರ ಕೈಯಾಗ ನಟ್ಟು ಬಿಚ್ಚೂ ಪಾನಾ ಬರತೈತಿ."

ಇಂಚರಾಗೆ ನಗು ಬಂತು, ಪಾಪ ಅಂತಲೂ ಅನಿಸಿತು. "ಇದು ಅವರ ಹೆಸರಿನ್ಯಾಗ ಐತಿ, ನಾ ತಗೊಳ್ಳಾಕ ಬರೂದಿಲ್ಲ. ಅವರು ಏನು ಹೇಳ್ಯಾರ ಅನ್ನೂದೂ ನಮಗ ಗೊತ್ತಾಗೂದಿಲ್ಲ."

"ಹಂಗಾರ ಇದರಂಗ ಹೂಂ ಅನ್ನೂದನ್ನ ನನಗ ಕಲಸ್ರಿ."

ಬಿಲ್ಲೆಗಳನ್ನು ಪರೀಕ್ಷಿಸಲು ಅಲ್ಲೊಂದು ಅಂಗೈಯಲ್ಲಿ ಹಿಡಿಯುವಷ್ಟು ದೀಪದ ಗುಂಡಿ ಇತ್ತು. ಹೂಂ ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ಅದು ಹೂಂ ಬಂದ ಹೊತ್ತನ್ನಷ್ಟೇ ಬರೆದುಕೊಳ್ಳುತ್ತಿತ್ತು, ಮಾತನ್ನಲ್ಲ. ಸಂಗಮೇಶ ದಿನಾ ಡ್ಯೂಟಿ ಮುಗಿಸಿ ಬಂದು, ಧ್ವನಿಮುದ್ರಿಸಿದ ಯಾರದೋ ಗೋಳು ಕೇಳುತ್ತ, ಗುಂಡಿಯನ್ನೇ ದಿಟ್ಟಿಸುತ್ತ ಹೂಂ ಹೂಂ ಅಂದ. ನಾಲ್ಕು ದಿನ ಬರೀ ಕೆಂಪು.

"ಬಸ್ಸಿಂದು ಎಲ್ಲಿ ಕೆಟ್ಟೈತಿ ಅಂತ ಹೆಂಗ ಹಿಡೀತೀರಿ?" ಎಂದು ಇಂಚರಾ ಕೇಳಿದಳು.

"ದನಿ ಕೇಳಿ. ಪಾನಾ ಕೆಳಗಿಟ್ಟು ಸುಮ್ನ ಕಿವಿಗೊಟ್ಟು ನಿಂದರ್ತೀನ್ರಿ."

"ಮತ್ತ ಇಲ್ಲೂ ಕೆಳಗಿಡ್ರಲ್ಲ."

ಐದನೇ ದಿನ ಅವನು ಕಣ್ಣು ಮುಚ್ಚಿ ಕೂತ. ಹಸಿರು ಹತ್ತಿತು. ಅವನಿಗೆ ಗೊತ್ತೇ ಆಗಲಿಲ್ಲ, ಕತೆಯೊಳಗಿದ್ದ.

ಶನಿವಾರ ಸಂಜೆ ದಾನೇಶ್ವರಿ ರೊಟ್ಟಿಗೆ ಕೂತಾಗ ಸಂಗಮೇಶ ಮಣೆ ಎಳೆದುಕೊಂಡು ಪಕ್ಕದಲ್ಲಿ ಕೂತು, ಇಂಚರಾ ಕೊಟ್ಟುಕಳಿಸಿದ್ದ ಗುಂಡಿಯನ್ನು ನೆಲದ ಮೇಲಿಟ್ಟ.

"ಇವತ್ತ ನನಗ ಹೇಳು."

"ನಿಮಗ? ಬಿಲ್ಲೆ ಬರೀ ಕೇಳತೈತಿ. ನೀವು ಉತ್ತರ ಹೇಳ್ತೀರಿ."

"ಇವತ್ತ ಹೇಳೂದಿಲ್ಲ. ಈ ಗುಂಡಿ ನಾ ಹೂಂ ಅನ್ನೂದನ್ನ ಅಷ್ಟ ಎಣಸತೈತಿ. ತಪ್ಪಾದ್ರ ಕೆಂಪು."

"ಈ ವಯಸ್ಸಿನ್ಯಾಗ ಪರೀಕ್ಷಾ ಬರಿಯಾಕ ಹೋಗೀರೇನು?" ದಾನೇಶ್ವರಿ ಎಷ್ಟೋ ತಿಂಗಳ ಮೇಲೆ ಬಾಯಿತುಂಬ ನಕ್ಕಳು.

ಮೊದಲು ನೀರಿನ ಸುದ್ದಿ ಹೇಳಿದಳು, ಆಮೇಲೆ ತಂಗಿಯ ಮಂಡಿನೋವು. ಮೂರನೇ ಹೂಂ ಆದಮೇಲೆ ತಟ್ಟನೆ, "ನಾ ಈಗ ಏನಂದೆ?" ಎಂದಳು. ಸಂಗಮೇಶ ಒಂದಕ್ಷರ ಬಿಡದೆ ಒಪ್ಪಿಸಿದ. ಅವಳ ಕೈ ಹಿಟ್ಟಿನ ಮೇಲೇ ನಿಂತಿತು.

"ವಿಜಯಪುರದ ಅಡಿಗಿ ಕಾಲೇಜಿನವರು ಕರದಾರ," ಎಂದಳು ನಿಧಾನವಾಗಿ. "ಕೈಲೆ ರೊಟ್ಟಿ ಬಡಿಯೂದು ಹುಡುಗೂರಿಗೆ ಕಲಸಬೇಕಂತ. ಆರು ತಿಂಗಳು. ಅಲ್ಲೇ ಇರಬೇಕು. ನಾಡದು ಸೋಮವಾರ ಹಾಜರಾಗಬೇಕು. ನಿಮಗ ಚೀಟಿ ಬರದಿಟ್ಟು ಹೋಗೂದು ಅಂತ ಮಾಡಿದ್ದೆ."

ಸಂಗಮೇಶನ ನಾಲಗೆಯ ತುದಿಗೆ ಮೂರು ಪರಿಹಾರ ಬಂದವು. ಆರು ತಿಂಗಳು ಯಾಕ, ಒಂದು ಮಾಡು. ನನಗ ಊಟ? ಮುಂದಿನ ವರ್ಷ ಹೋಗು. ಚೀಟಿಯ ಮಾತು ಎದೆಗೇ ನಾಟಿತ್ತು. ಮೂರನ್ನೂ ನುಂಗಿದ. ಕೊನೆಗೆ ಹೇಗೋ, "ಹೂಂ" ಎಂದ.

ಗುಂಡಿ ಕೆಂಪಾಯಿತು. ಇಬ್ಬರೂ ಅದನ್ನು ನೋಡಲಿಲ್ಲ.

ಆಮೇಲೆ ಅವಳು ಮಾತಾಡಿದ್ದು ಒಂದು ಗಂಟೆ ಐವತ್ತು ನಿಮಿಷ. ಹಂಚಿನ ಮೇಲಿನ ರೊಟ್ಟಿ ಕರಕಾಗಿಹೋಯಿತು. ಎಲ್ಲ ಮುಗಿದ ಮೇಲೆ ಸಂಗಮೇಶ ಒಂದೇ ಮಾತು ಕೇಳಿದ.

"ಸೋಮವಾರ ಬಸ್ ಎಷ್ಟಕ್ಕ?"

"ಆರೂವರೆಗೆ."

"ಐದಕ್ಕ ಹೋಗಿ ಅದರ ದನಿ ಕೇಳಿ ಬರ್ತೀನಿ."

ಹೇಳಿದಂತೆ ಸೋಮವಾರ ಐದಕ್ಕೆ ಡಿಪೋಗೆ ಹೋಗಿ ಆ ಬಸ್ಸಿನ ದನಿ ಕೇಳಿಬಂದ, ಅವಳನ್ನು ಹತ್ತಿಸಿದ, ಮಧ್ಯಾಹ್ನ ಗುಂಡಿ ಮರಳಿಸಲು ಧಾರವಾಡಕ್ಕೆ ಬಂದು ನಡೆದದ್ದನ್ನೆಲ್ಲ ಹೇಳಿದ. ಇಂಚರಾ ದಾಖಲೆ ತೆಗೆದು ನೋಡಿದಳು. ಒಂದು ಹೂಂ ನಾಲ್ಕು ಸೆಕೆಂಡು ತಡವಾಗಿತ್ತು. ಅವಳ ಯಂತ್ರದ ಲೆಕ್ಕದಲ್ಲಿ ಅದು ಶುದ್ಧ ತಪ್ಪು. ತಡವಾದ ಹೂಂ ಅನ್ನೂ ಬಿಲ್ಲೆಗೆ ಕಲಿಸಬಹುದೇ ಎಂದು ಬಹಳ ಹೊತ್ತು ಯೋಚಿಸಿದಳು. ಆಗುವಂಥದ್ದಲ್ಲ. ನುಂಗಲು ಅದರ ಬಾಯಲ್ಲಿ ಏನೂ ಇರುವುದಿಲ್ಲ.

ಬದಲಿಗೆ ಅವಳು ಬಿಲ್ಲೆಗೆ ಒಂದು ಪ್ರಶ್ನೆ ಕಲಿಸಿದಳು. ಒಂದೇ ವಿಷಯವನ್ನು ನಲವತ್ತು ದಿನ ಕೇಳಿದ ಮೇಲೆ ಅದು ಮೆಲ್ಲಗೆ, "ಇದನ್ನ ಮನ್ಯಾಗ ಯಾರ ಮುಂದಾದ್ರೂ ಹೇಳೀರೇನು?" ಎನ್ನುತ್ತಿತ್ತು. ಒಂಟಿ ಜೀವಗಳಿಗೆ ಹೂಂಗುಟ್ಟುವುದನ್ನು ಅದು ಬಿಡಲಿಲ್ಲ. ಉಳಿದ ಮನೆಗಳಲ್ಲಿ ಮಾತ್ರ ಎರಡು ವರ್ಷದಲ್ಲಿ ಅರ್ಧಕ್ಕರ್ಧ ಬಿಲ್ಲೆಗಳು ಬಾಯಿ ಮುಚ್ಚಿಕೊಂಡವು. ದಾನೇಶ್ವರಿ ವಿಜಯಪುರದಿಂದ ಮರಳಿ ಬಂದಾಗ ಅವಳ ಬಿಲ್ಲೆಯ ಮೇಲೆ ಸಂಗಮೇಶ ಚಹಾದ ಪಾತ್ರೆ ಇಡುತ್ತಿದ್ದ. ಅವಳು ದಿನಾ ಸಂಜೆ ಫೋನಿನಲ್ಲಿ ಹೇಳಿದ್ದಕ್ಕೆಲ್ಲ ಹೂಂಗುಟ್ಟಿ ಅವನ ದನಿಯೇ ಕೂತುಹೋಗಿತ್ತು.

ಆ ಬಿಲ್ಲೆ ಬರಲು ಇನ್ನೂ ಬೇಕಾದಷ್ಟು ವರ್ಷ ಇದೆ. ಅಲ್ಲಿಯವರೆಗೆ ಈ ಕೆಲಸ ಮನೆಯವರದೇ. ನೀವು ಇದನ್ನು ಓದುತ್ತಿರುವಾಗ ಒಳಗಿನಿಂದ ಯಾರಾದರೂ "ಇವತ್ತೇನಾಯ್ತು ಗೊತ್ತಾ?" ಎಂದು ಶುರುಮಾಡಿದ್ದರೆ, ಕತೆ ಇಷ್ಟು ಸಾಕು. ಪುಸ್ತಕ ಕೆಳಗಿಡಿ.