ಹಜರಾಬಿಯ ಇಬ್ಬರು ತಮ್ಮಂದಿರು

ಇಂಡಿ ರೋಡ್ ಸ್ಟೇಷನ್ನು ಇನ್ನೇನು ಬಂತು ಎನ್ನುವಲ್ಲಿ, ಹಳಿಯ ಪಕ್ಕದ ಜಾಲಿಕಂಟಿಯೊಳಗೆ ಒಬ್ಬ ಮನುಷ್ಯ ಅಂಗಾತ ಬಿದ್ದಿದ್ದ. ಬೆಳಗಿನ ಗಾಡಿ ಹೋದ ಮೇಲೆ ಹಳಿ ನೋಡುತ್ತ ಬಂದ ಗ್ಯಾಂಗಿನವರು ಹೆಣವೆಂದೇ ತಿಳಿದರು. ತಲೆ ಒಡೆದಿತ್ತು. ಎಡಗಾಲು ಬಾತುಹೋಗಿತ್ತು. ಮೈಮೇಲೆ ಕೋಟಿಲ್ಲ, ಕಿಸೆಯಲ್ಲಿ ಒಂದು ತುಣುಕು ಕಾಗದವಿಲ್ಲ. ಮೂಗಿನ ಬಳಿ ಕೈ ಹಿಡಿದರೆ — ಉಸಿರು ಆಡುತ್ತಿತ್ತು!

ಫೌಜದಾರ ಬಸಂತರಾಯರು ಬಂದರು, ಸುತ್ತ ಒಮ್ಮೆ ತಿರುಗಿದರು, ತೀರ್ಪು ಕೊಟ್ಟೇಬಿಟ್ಟರು.

"ಕುಡದಾನ. ಗಾಡಿಂದ ಬಿದ್ದಾನ. ಎತ್ತರಿ, ದವಾಖಾನಿಗೆ ಒಯ್ಯರಿ."

ಬಸಂತರಾಯರು ಕೆಟ್ಟವರಲ್ಲ. ಆದರೆ ಅವರಿಗೆ ಭಾರೀ ಅವಸರ. ಊಟಕ್ಕೆ ಕೂತರೂ ಅವಸರ, ಕಳ್ಳನನ್ನು ಹಿಡಿಯುವುದಕ್ಕೂ ಅವಸರ. ಹೀಗಾಗಿ ಎಷ್ಟೋ ಸಲ ಕಳ್ಳನನ್ನು ಬಿಟ್ಟು ಪಕ್ಕದವನನ್ನೇ ಹಿಡಿದು ಕೂರುತ್ತಿದ್ದರು.

ಇಂಡಿಯ ಸರ್ಕಾರಿ ದವಾಖಾನೆಯಲ್ಲಿ ಆ ಮನುಷ್ಯ ಮೂರು ದಿನ ಜ್ವರದಲ್ಲಿ ನರಳಿದ. ನರ್ಸ್ ಇಂದ್ರಾಬಾಯಿ ಅವನ ಬಾಯಿಗೆ ಗಂಜಿ ಹನಿಸಿ, ಗಾಯ ತೊಳೆದು, ಹೇಗೋ ಜೀವ ಹಿಡಿದಿಟ್ಟರು. ಆಕೆ ಮಾತು ಕಡಿಮೆಯ ಹೆಂಗಸು. ನೋಡುವುದು ಮಾತ್ರ ಬಹಳ. ಕಣ್ಣು ಬಿಟ್ಟು ಮಾತಾಡಿದನೆಂದು ಸುದ್ದಿ ಬಂದ ಕೂಡಲೇ ಫೌಜದಾರರು ಓಡಿ ಬಂದರು.

"ಹೆಸರೇನೋ?"

"ಕುತುಬುದ್ದೀನ್ರಿ."

"ಎಲ್ಲಿಯಾಂವ?"

"ಇದ ಇಂಡಿ ಊರಾಂವರಿ. ಹಜರಾಬಿ ತಮ್ಮ. ಲಂಡನ್ನಿಂದ ಬಂದೇನಿ."

ಬಸಂತರಾಯರ ಬಾಯೊಳಗಿನ ಎಲೆ‌ಅಡಿಕೆ ಗಂಟಲಿಗೆ ಹೋಗಿ ಸಿಕ್ಕಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಬಾರದೆ ಏನು ಮಾಡೀತು? ಹಜರಾಬಿಯ ತಮ್ಮ ಕುತುಬುದ್ದೀನ ಲಂಡನ್ನಿನಿಂದ ಬಂದು ಆಗಲೇ ಮೂರು ದಿನವಾಗಿತ್ತು! ಹೊಳೆಯುವ ಬೂಟು, ಹಿತ್ತಾಳೆ ಮೂಲೆಯ ಟ್ರಂಕು, ಬಾಯಿ ತುಂಬ ಮಾತು. ಓಣಿಯ ಮಂದಿಯೆಲ್ಲ ಅವನ ಮನೆಯ ಬಿರ್ಯಾನಿ ಉಂಡಿದ್ದರು. ಸ್ವತಃ ಫೌಜದಾರರೂ ಅವನು ಕೊಟ್ಟ ವಿಲಾಯತಿ ಸಿಗರೇಟು ಸೇದಿದ್ದರು.

"ಮಗನ, ತಲಿ ಒಡದೈತಿ ಅಂತ ಸುಮ್ನಿದ್ದೇನಿ. ಕುತುಬುದ್ದೀನ ಮನ್ಯಾಗ ಅದಾನ!"

ಗಾಯಾಳು ಎದ್ದು ಕೂರಲು ಹವಣಿಸಿದ. "ಅಂವ ಕುತುಬುದ್ದೀನ ಅಲ್ಲರಿ! ಹಡಗಿನ್ಯಾಗ ಜೋಡಿ ಆದಾಂವ. ಹೋಟಗಿಯೊಳಗ ಗಾಡಿ ಬದಲಿಸಿ ಕೂಡೇ ಹತ್ತಿದಿವಿ. ಊರು ಕಾಣತೈತೇನು ಅಂತ ಕೋಟ ಬಿಚ್ಚಿಟ್ಟ ಬಾಗಲದಾಗ ನಿಂತಿದ್ದೆ. ಹಿಂದಿಂದ ನೂಕಿಬಿಟ್ಟ. ಆಪಾನ್ನ ಕರಸ್ರಿ. ನನ್ನ ಅಕ್ಕಗ ಗೊತ್ತಾಗತೈತಿ!"

ಆಪಾ ಬಂದಳು. ಮಗಳು ನಜಮಾಳ ಹೆಗಲು ಹಿಡಿದು ಬಂದಳು, ಯಾಕೆಂದರೆ ಹಜರಾಬಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳು ಅವಳೇ. ಹದಿನಾರರ ಹುಡುಗ ಮುಂಬಯಿ ಹಡಗುಕಟ್ಟೆಗೆ ಹೋಗುತ್ತೇನೆಂದು ಹೊರಟವನು ಹದಿನೆಂಟು ವರ್ಷ ಮುಖ ತೋರಿಸಿರಲಿಲ್ಲ. ಈಗ ಬಂದ ತಮ್ಮನ ಗಡ್ಡದ ಮುಖ ಅವಳಿಗೆ ಬರೀ ಒಂದು ನೆರಳು. ಆದರೆ ಆ ನೆರಳು ಎಲ್ಲವನ್ನೂ ಹೇಳಿತ್ತು — ಅವಳು ರೊಟ್ಟಿಯನ್ನು ಹಾಲಲ್ಲಿ ಮುರಿದು ತಿನ್ನಿಸಿದ್ದು, ಬೇವಿನ ಗಿಡದಿಂದ ಬಿದ್ದಾಗ ಹೊತ್ತುಕೊಂಡು ಓಡಿದ್ದು, ಎಲ್ಲ. ಇನ್ನು ಅವಳಿಗೆ ಯಾವ ಸಾಕ್ಷಿ ಬೇಕು?

"ಆಪಾ..." ಎಂದ ಗಾಯಾಳು. ದನಿ ಒಡೆದು ಗೊರಗೊರ ಎಂದಿತು.

ಹಜರಾಬಿ ತಡೆದು ನಿಂತಳು. ಅವಳ ಹಿಂದೆಯೇ ಬಂದಿದ್ದ ಬೂಟಿನ ಕುತುಬುದ್ದೀನ ಮೆಲ್ಲಗೆ, "ನೋಡ ಆಪಾ, ಹಡಗಿನ್ಯಾಗ ನಾ ಹೇಳಿದ ಕಥಿ ಕೇಳಿ, ನನ್ನ ಹೆಸರ ಹೊತಗೊಂಡ ಬಂದಾನ. ನನ್ನ ಕಾಗದಪತ್ರಾನೂ ಇಂವನ ಹಾರಿಸ್ಯಾನ" ಎಂದ.

ಹಜರಾಬಿ ಮುಖ ತಿರುಗಿಸಿದಳು.

"ನನ್ನ ತಮ್ಮ ನನ್ನ ಬಾಜೂಕ ನಿಂತಾನ್ರಿ ಸಾಹೇಬ್ರ. ಇಂವ ಯಾರೋ ನನಗ ಗೊತ್ತಿಲ್ಲ."

ಆ ಗಾಯಾಳು ರೈಲಿನಿಂದ ಬಿದ್ದಾಗಲೂ ಅಷ್ಟು ನೊಂದಿರಲಿಕ್ಕಿಲ್ಲ. ಗೋಡೆಯ ಕಡೆ ಹೊರಳಿ ಮಕ್ಕಳ ಹಾಗೆ ಅತ್ತುಬಿಟ್ಟ. ಇಂದ್ರಾಬಾಯಿ ಅವನ ಹೊದಿಕೆ ಸರಿಮಾಡಿದರು.

ಮಾತು ಇಷ್ಟಕ್ಕೇ ಮುಗಿಯುವ ಹಾಗಿರಲಿಲ್ಲ. ಝಳಕಿಯ ಹೆದ್ದಾರಿಗೆ ಹತ್ತಿಕೊಂಡು ಅಕ್ಕತಮ್ಮ ಇಬ್ಬರ ಹೆಸರಿನಲ್ಲಿ ಹೊಲವಿತ್ತು. ಅದನ್ನು ಮಾರಿ, ಅಕ್ಕನನ್ನು ಮುಂಬಯಿಯ ದೊಡ್ಡ ಡಾಕ್ಟರ ಬಳಿ ಒಯ್ದು ಕಣ್ಣು ತೆರೆಸುತ್ತೇನೆಂದು ಬೂಟಿನ ಕುತುಬುದ್ದೀನ ಹೇಳಿದ್ದ. ಬರುವ ಸೋಮವಾರವೇ ಖರೀದಿಪತ್ರದ ನೋಂದಣಿ. ಲಂಡನ್ನಿಗೆ ಬರೆದು ಉತ್ತರ ತರಿಸಬೇಕೆಂದರೆ ತಿಂಗಳಾಗುತ್ತದೆ. ಬಂದವನು ಸುಳ್ಳನಾದರೆ ಹಜರಾಬಿಗೆ ಹೊಲವೂ ಇಲ್ಲ, ತಮ್ಮನೂ ಇಲ್ಲ. ಖರೆ ತಮ್ಮ ಜೇಲಿನಲ್ಲಿ!

ಬಸಂತರಾಯರು ಇಬ್ಬರನ್ನೂ ಠಾಣೆಯಲ್ಲಿ ಕೂರಿಸಿದರು. ಊರಿನ ಹಳೆಯ ಮಾತು ಕೇಳಿದರೆ ಇಬ್ಬರೂ ಪಟಪಟ ಹೇಳಿದರು. ಹಡಗಿನ ಮೇಲೆ ವಾರಗಟ್ಟಲೆ ಮಾತಾಡುವುದು ಬಿಟ್ಟು ಬೇರೇನು ಕೆಲಸ? ಒಬ್ಬ ಹೇಳಿದ್ದಾನೆ, ಇನ್ನೊಬ್ಬ ಕೇಳಿದ್ದಾನೆ. ಹೇಳಿದವನು ಯಾರು, ಕೇಳಿದವನು ಯಾರು — ಅದೇ ಗಂಟು. ಫೌಜದಾರರು ಕೆಲಸದ ಮಾತಿಗೆ ಬಂದರು. ಮೊದಲು ಬೂಟಿನವನು.

"ಲಂಡನ್ನಿನ್ಯಾಗ ಏನ ಕೆಲಸ?"

"ನೆಲದ ತಳಗ ಓಡೋ ರೈಲಿಂದ್ರಿ ಸಾಹೇಬ್ರ! ಮ್ಯಾಲ ಊರು, ತಳಗ ರೈಲು. ಮೆಟ್ಟಲಾ ತಾವ ಇಳೀತಾವು, ನಾವು ಸುಮ್ನ ನಿಂತ್ರ ಸಾಕು."

"ತಳಗ ಹೊಗಿ ಕಟ್ಟಂಗಿಲ್ಲೇನು?"

"ಹೊಗಿ ಎಲ್ಲೀದ್ರಿ? ಕರೆಂಟಿನ ಗಾಡಿ! ನಮ್ಮಲ್ಲಿ ಎರಡ ಹಳಿ, ಅಲ್ಲಿ ನಾಕು. ಎರಡು ಗಾಲಿಗೆ, ಎರಡು ಕರೆಂಟಿಗೆ. ಅಪ್ಪಿತಪ್ಪಿ ಕಾಲಿಟ್ರ ಸುಟ್ಟ ಕರಕ!"

"ನಿನ್ನ ಪಾಲಿನ ಕೆಲಸ?"

"ಕಡೇ ಗಾಡಿ ಹೋದ ಮ್ಯಾಲ ಕರೆಂಟ ಬಂದ ಮಾಡ್ತಾರ. ನಾವು ಸುರಂಗಕ್ಕ ಇಳೀತೀವಿ. ಬೋಲ್ಟ ಬಿಗಿಯೋದು, ಸವದ ಹಳಿ ತಗದು ಹೊಸಾದು ಕೂಡ್ರಸೋದು. ಮದಲನೇ ಗಾಡಿ ಬರೂದ್ರಾಗ ಎಲ್ಲಾ ಮುಗೀಬೇಕು. ಕಸಾ ಬಳ್ಯಾಕ ಹೆಣಮಕ್ಕಳು ಬರ್ತಾರ. ಏನ ಬಳೀತಾರ ಹೇಳ್ರಿ? ಕೂದಲಾ! ಲಕ್ಷಾಂತರ ಮಂದಿ ತಲಿಗೂದಲಾ ಉದುರಿ ಸುರಂಗದ ಗ್ವಾಡಿಗೆ ಹತ್ತಿರ್ತಾವು!"

ಪೊಲೀಸರು ಬಾಯಿ ತೆರೆದು ಕೇಳಿದರು. ಒಬ್ಬನಂತೂ ತನ್ನ ತಲೆಯನ್ನೇ ಒಮ್ಮೆ ಸವರಿಕೊಂಡ.

ಆಮೇಲೆ ಗಾಯಾಳುವನ್ನು ಒಳಗೆ ಕರೆದರು. ಅದೇ ಪ್ರಶ್ನೆ, ಅದೇ ಉತ್ತರ. ಆದರೆ ಸಪ್ಪೆ! ಉಪ್ಪಿಲ್ಲ, ಖಾರವಿಲ್ಲ.

"ಹಳಿ ರಿಪೇರಿ ಮಾಡ್ತಿದ್ದೆವ್ರಿ. ನಾಕು ಹಳಿ ಇರ್ತಾವು. ಕರೆಂಟ ಬಂದ ಐತಿ ಅಂತ ಹೇಳಿದ್ರೂ ನಂಬಬಾರದು. ಯಾವ ಹಳೀನೂ ಮೆಟ್ಟಬಾರದು. ಮದಲನೇ ದಿನ ಅದನ್ನ ಕಲಸ್ತಾರ."

"ಮತ್ತ?"

"ಮತ್ತೇನ್ರಿ? ದಿನಾ ಅದ ಕೆಲಸ. ಹತ್ತ ವರ್ಷದ ಮ್ಯಾಲಾತು."

"ಹೆಣಮಕ್ಕಳು ಏನ ಬಳೀತಾರ?"

"ಕೂದಲಾರಿ." ಅಷ್ಟೇ.

ಬಸಂತರಾಯರು ತೊಡೆ ತಟ್ಟಿದರು. "ಮುಗೀತು! ಕಂಡಾಂವ ಹ್ಯಾಂಗ ಹೇಳ್ತಾನ, ಕೇಳಿದಾಂವ ಹ್ಯಾಂಗ ಹೇಳ್ತಾನ, ಗೊತ್ತಾಗಂಗಿಲ್ಲೇನು? ಈ ಸಪ್ಪನ್ನ ಮಗನ್ನ ಒಳಗ ಹಾಕ್ರಿ!"

ಗಾಯಾಳುವಿನ ಪಟ್ಟಿ ಬದಲಿಸಲು ಬಂದು, ಇಬ್ಬರ ಮಾತನ್ನೂ ಕೇಳುತ್ತಿದ್ದ ಇಂದ್ರಾಬಾಯಿ ಆಗ ಬಾಯಿ ತೆರೆದರು.

"ಒಂದ ದಿನ ತಡೀರಿ ಸಾಹೇಬ್ರ."

"ಯಾಕ್ರಿ ಬಾಯಾರ?"

"ಇಬ್ಬರ ಹತ್ರಾನೂ ಒಂದ ಕಥಿ ಐತಿ. ಕಥಿ ಕೇಳಿ ಅದರ ಒಡೆಯ ಯಾರಂತ ಹ್ಯಾಂಗ ಹೇಳೂದು? ಇಬ್ಬರನ್ನೂ ನಾಳೆ ಮುಂಜಾನೆ ಸ್ಟೇಷನ್ನಿಗೆ ಕರಕೊಂಡ ನಡೀರಿ. ಹಜರಾಬೀನೂ ಬರಲಿ. ನೀರಿನ ಟಾಕಿ ಹತ್ರ ಏನೋ ಸಾಮಾನ ಸಿಕ್ಕೈತಿ, ಗುರುತು ಹೇಳ್ರಿ ಅಂತ ಅನ್ರಿ."

"ಏನ ಸಿಕ್ಕೈತಿ?"

"ಏನೂ ಸಿಕ್ಕಿಲ್ಲ."

ಫೌಜದಾರರಿಗೆ ಸಿಟ್ಟೂ ಬಂತು, ಕುತೂಹಲವೂ ಬಂತು. ಸಿಟ್ಟಿಗಿಂತ ಕುತೂಹಲ ಒಂದು ತೂಕ ಹೆಚ್ಚಾಯಿತು.

ಮರುದಿನ ಇಂಡಿ ರೋಡಿನಲ್ಲಿ ಮಂದಿಯೋ ಮಂದಿ. ಸುದ್ದಿಗೇನು ಕಾಲು ಬೇಕೇ? ಸ್ಟೇಷನ್ ಮಾಸ್ತರ ಚನ್ನಬಸಯ್ಯ, "ಗಾಡಿ ಬರಾಕ ಇನ್ನೂ ಹೊತ್ತೈತ್ರಿ, ದಾಟ್ರಿ ದಾಟ್ರಿ" ಎಂದು ದಾರಿ ಬಿಟ್ಟರು. ಪ್ಲಾಟ್‌ಫಾರ್ಮಿನ ಆಚೆ ಮೂರು ಜೋಡಿ ಹಳಿ, ಅದರಾಚೆ ನೀರಿನ ಟಾಕಿ. ಇಂದ್ರಾಬಾಯಿ ಹಜರಾಬಿಯ ಪಕ್ಕದ ಬೆಂಚಿನ ಮೇಲೆ ಕೂತರು.

ಬೂಟಿನ ಕುತುಬುದ್ದೀನ ಜಿಗಿದು ಇಳಿದ. ಹಳಿಯ ಮೇಲೆ ಕಾಲಿಟ್ಟ, ದಾಟಿದ. ಎರಡನೆಯ ಸಾಲಿನ ಹಳಿಯ ಮೇಲೆ ನಿಂತೇಬಿಟ್ಟು ಸಿಗರೇಟು ಹಚ್ಚಿದ. "ಇವೂ ಒಂದ ಹಳಿ ಏನ್ರಿ? ಲಂಡನ್ನಿನ ಹಳಿ ನೋಡಬೇಕು ನೀವು!" ಎಂದು ಮಂದಿಯ ಕಡೆ ಕೂಗಿದ. ಮಂದಿ ನಕ್ಕರು.

ಗಾಯಾಳು ಪೊಲೀಸನ ಹೆಗಲ ಮೇಲೆ ಭಾರ ಹಾಕಿ ಹೊರಟ. ಹಳಿ ಬಂದಲ್ಲೆಲ್ಲ ಬಾತ ಕಾಲನ್ನು ಮೊಣಕಾಲೆತ್ತರ ಎತ್ತಿ ಆಚೆ ಇಡುತ್ತಿದ್ದ. ಪ್ರತಿ ಸಲ ಹಲ್ಲು ಕಚ್ಚಿ 'ಯಾ ಅಲ್ಲಾ' ಎನ್ನುತ್ತಿದ್ದ. ಮುಖದ ಮೇಲೆ ಬೆವರು ಧಾರಾಕಾರ.

"ಹಳಿ ಮ್ಯಾಲ ಕಾಲಿಟ್ಟ ದಾಟೋ ಮಾರಾಯಾ! ನನ್ನ ಹೆಗಲ ಮುರೀತಿ," ಎಂದು ಪೊಲೀಸ ಗೊಣಗಿದ. ಅವನು ಹೂಂ ಎಂದ. ಮುಂದಿನ ಹಳಿಗೂ ಮತ್ತೆ ಹಾಗೆಯೇ ಎತ್ತಿದ.

ಇಂದ್ರಾಬಾಯಿ ಎದ್ದು ನಿಂತರು.

"ಸಾಕ್ರಿ ಸಾಹೇಬ್ರ. ಕಳ್ಳ ಸಿಕ್ಕ."

"ಎಲ್ಲಿ? ಯಾರು?" ಬಸಂತರಾಯರು ಸುತ್ತಮುತ್ತ ನೋಡಿದರು.

"ಹಳಿ ಮ್ಯಾಲ ನಿಂತ ಸಿಗರೇಟ ಸೇದಾಕತ್ತಾನಲ್ಲ, ಅಂವ."

ಎಲ್ಲರ ತಲೆಗಳೂ ಆ ಕಡೆ ತಿರುಗಿದವು. ಬೂಟಿನವನ ನಗು ಅರ್ಧಕ್ಕೇ ನಿಂತಿತು.

"ಏನಂತೀರಿ ಬಾಯಾರ?" ಎಂದು ಅಲ್ಲಿಂದಲೇ ಕೂಗಿದ.

"ನಿನ್ನೆ ನೀನ ಹೇಳಿದಿ — ಕರೆಂಟಿನ ಹಳಿ ಮ್ಯಾಲ ಕಾಲಿಟ್ರ ಸುಟ್ಟ ಕರಕ. ಹತ್ತ ವರ್ಷ ಅಂಥಾ ಹಳಿ ನಡುವ ಓಡ್ಯಾಡಿದಾಂವ ಹಳಿ ಮ್ಯಾಲ ಹಿಂಗ ನಿಲ್ತಾನೇನು?"

"ಇದು ಉಗಿಬಂಡಿ ಹಳಿ! ಇಲ್ಲಿ ಕರೆಂಟ ಎಲ್ಲೈತಿ? ಹೆದರಾಕ ನಾ ಏನ ಹುಚ್ಚನೇನು?"

ಮಂದಿ ತಲೆದೂಗಿದರು. ಮಾತು ಖರೆಯೇ ಅನ್ನಿಸಿತು. ಬಸಂತರಾಯರಿಗೂ ಅನ್ನಿಸಿತು.

ಇಂದ್ರಾಬಾಯಿ ಗಾಯಾಳುವಿನ ಕಡೆ ತಿರುಗಿದರು. "ನೀ ಹೇಳಪಾ. ಇಷ್ಟ ನೋವು ತಿಂದು ಯಾಕ ಕಾಲ ಎತ್ತೆತ್ತಿ ದಾಟಿದಿ?"

ಅವನು ತಬ್ಬಿಬ್ಬಾದ. "ನಾ... ಎತ್ತಿದೆನೇನ್ರಿ?"

"ಕೇಳಿದ್ರಾ ಸಾಹೇಬ್ರ?" ಇಂದ್ರಾಬಾಯಿಯ ದನಿ ಈಗ ಪ್ಲಾಟ್‌ಫಾರ್ಮಿನ ಆ ತುದಿಗೂ ಕೇಳುತ್ತಿತ್ತು. "ಅವಗ ತಾ ಎತ್ತಿದ್ದ ಗೊತ್ತಿಲ್ಲ! ನಾಟಕ ಮಾಡೋನಾಗಿದ್ರ ಎಲ್ಲಾರಿಗೂ ತೋರಿಸಿ ಎತ್ತತಿದ್ದ. ಈ ಹಳಿಯೊಳಗ ಕರೆಂಟಿಲ್ಲ ಅಂತ ಅವನ ತಲಿಗೆ ಗೊತ್ತೈತಿ. ಕಾಲಿಗೆ ಗೊತ್ತಿಲ್ಲ! ಯಾವ ಹಳೀನೂ ಮೆಟ್ಟಬಾರದು ಅಂತ ವರ್ಷಗಟ್ಟಲೆ ರೂಢಿ ಬಿದ್ದ ಕಾಲು ಅದು. ಹಳಿ ಮೆಟ್ಟಿದ್ರ ಅವಗ ಅರ್ಧ ನೋವು ಉಳೀತಿತ್ತು. ಆದ್ರೂ ಮೆಟ್ಟಲಿಲ್ಲ. ಕಥಿ ಕಿವಿಲೆ ಕದಿಯಾಕ ಬರತೈತಿ. ನಡಿಗಿ ಕದಿಯಾಕ ಬರಂಗಿಲ್ಲ!"

ಮರುಗಳಿಗೆ — ಬೂಟಿನವನು ಓಟ ಕಿತ್ತ!

"ಹಿಡೀರಿ ಅವನ್ನ!" ಬಸಂತರಾಯರ ಅವಸರ ಅವತ್ತು ಒಂದೇ ದಿನ ಸರಿಯಾದ ಕೆಲಸಕ್ಕೆ ಬಂತು. ಹೊಟ್ಟೆಯನ್ನೂ ಲೆಕ್ಕಿಸದೆ ಪ್ಲಾಟ್‌ಫಾರ್ಮಿನಿಂದ ಧುಮುಕಿದರು. ಟಾಕಿಯ ಹತ್ತಿರ ಗ್ಯಾಂಗಿನವರು ಅಡ್ಡಗಟ್ಟಿದರು. ಫೌಜದಾರರು ಅವನ ಕೊರಳಪಟ್ಟಿ ಹಿಡಿದು ಎಳೆತಂದಾಗ ಅವನ ಒಂದು ಬೂಟು ಎಲ್ಲೋ ಬಿದ್ದುಹೋಗಿತ್ತು.

ಎರಡು ಏಟು ಬೀಳುವ ಮೊದಲೇ ಬಾಯಿಬಿಟ್ಟ. ಹೆಸರು ಯಾಕೂಬಸಾಬ. ಸೊಲ್ಲಾಪುರದ ಕಡೆಯವ, ಅದೇ ಹಡಗಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ. ಊರಿನ ಭಾಷೆ ಆಡುವವನು ಸಿಕ್ಕನೆಂದು ಪಾಪದ ಕುತುಬುದ್ದೀನ ದಿನವೂ ಅವನ ಬಳಿ ಕೂತು, ಅಕ್ಕನ ರೊಟ್ಟಿಯಿಂದ ಹಿಡಿದು ಝಳಕಿಯ ಹೊಲದವರೆಗೆ ಎಲ್ಲ ಹೇಳಿಕೊಂಡಿದ್ದ. ರೈಲಿನಿಂದ ನೂಕಿದ ಮೇಲೆ ಸತ್ತೇ ಹೋದನೆಂದು ಯಾಕೂಬಸಾಬ ತಿಳಿದಿದ್ದ. ಫೋಟೋ ಇದ್ದ ಕಾಗದಪತ್ರಗಳನ್ನು ಹರಿದು ಅದೇ ಬಾಗಿಲಿನಿಂದ ತೂರಿದ್ದ.

ಜನ ಹೋ ಎಂದು ಕೂಗಿದರು. ಚನ್ನಬಸಯ್ಯನವರು ಸಂತೋಷ ತಡೆಯಲಾರದೆ ಗಾಡಿಯೇ ಇಲ್ಲದೆ ಗಂಟೆ ಬಾರಿಸಿಬಿಟ್ಟರು. ಬಸಂತರಾಯರು ತಲೆಯ ಟೊಪ್ಪಿಗೆ ತೆಗೆದು ಇಂದ್ರಾಬಾಯಿಯ ಮುಂದೆ ನಿಂತು, "ಬಾಯಾರ, ಇನ್ನ ಮ್ಯಾಲ ಕೇಸ ಬಂದ್ರ ಮದಲ ದವಾಖಾನಿಗೆ ಬರ್ತೇನಿ ನೋಡ್ರಿ" ಎಂದರು.

"ಬರ್ರಿ. ಬರೂವಾಗ ಸಾವಕಾಶ ಬರ್ರಿ," ಎಂದರು ಇಂದ್ರಾಬಾಯಿ.

ಈ ಗದ್ದಲದೊಳಗೆ ಹಜರಾಬಿ ಎದ್ದು ನಿಂತಿದ್ದಳು. ನಜಮಾ ಅವಳನ್ನು ನಡೆಸಿಕೊಂಡು ಗಾಯಾಳುವಿನ ಮುಂದೆ ತಂದು ನಿಲ್ಲಿಸಿದಳು. ಅವಳು ಕೈ ಚಾಚಿ ಅವನ ಮುಖ ಮುಟ್ಟಿದಳು. ಪಟ್ಟಿ, ಗಡ್ಡ, ಒದ್ದೆಯಾದ ಕೆನ್ನೆ. ಎಲ್ಲರೂ ಅವಳು ಅಳುತ್ತಾಳೆ, ಮಾಫಿ ಕೇಳುತ್ತಾಳೆ ಎಂದು ಕಾದರು.

ಪಟಾರನೆ ಕೆನ್ನೆಗೆ ಒಂದು ಬಾರಿಸಿದಳು!

"ಹದಿನೆಂಟ ವರ್ಷ! ಹದಿನೆಂಟ ವರ್ಷ ಎಲ್ಲಿ ಹಾಳಾಗಿ ಹೋಗಿದ್ದೆಲೇ? ನೆಲದ ತಳಗ ದುಡಿಯಾಂವಗ ಮ್ಯಾಲ ಅಕ್ಕ ಅದಾಳ ಅನ್ನೂದು ನೆಪ್ಪಿರಲಿಲ್ಲೇನು? ಯಾರ್ಯಾರ ಮುಂದೋ ನನ್ನ ಹೆಸರ ತಗಿಯೂ ಬದಲಿ ನೀನ ಬರಬೇಕಿತ್ತಲ್ಲೋ!"

ಕುತುಬುದ್ದೀನ ಕೆನ್ನೆ ಹಿಡಿದುಕೊಂಡು ನಗುತ್ತಿದ್ದ. ಕಣ್ಣಿಂದ ನೀರು ಇಳಿಯುತ್ತಿತ್ತು. ಬಂದ ದಿನ ಆ ಠಕ್ಕನಿಗೆ ಅವಳು ಬೆಲ್ಲ ತಿನ್ನಿಸಿದ್ದಳು, ಬಿರ್ಯಾನಿ ಬಡಿಸಿದ್ದಳು. ಒಮ್ಮೆಯೂ ಬೈದಿರಲಿಲ್ಲ.

ಬೈದು ಬೈದು ದಣಿದ ಮೇಲೆ ಹಜರಾಬಿ ಅವನ ತೋಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡಳು. ನೆರೆದ ಮಂದಿಗೆಲ್ಲ ಕೇಳುವ ಹಾಗೆ ಕೂಗಿದಳು:

"ದಾರಿ ಬಿಡ್ರಿ! ನನ್ನ ತಮ್ಮ ಮನಿಗೆ ಹೊಂಟಾನ!"